ಎಂಟು ಜಿಬಿಗೆ ಎಂಥಾ ಬೆಲೆ! ಗದ್ದೆ ತೆಗೆದು ತೋಟ ಮಾಡಿದರೆ ಅಕ್ಕಿ ಎಲ್ಲಿಂದ ಬರಬೇಕು?

ಶಿವಮೊಗ್ಗದ ದುರ್ಗಿಗುಡಿ. ಮಧ್ಯಾಹ್ನದ ಬಿಸಿಲು. ತೀರ್ಥಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬಂದಿಳಿದ ಡಿ.ಟಿ.ಪಿ. ಅಂಗಡಿಯವರೊಬ್ಬರು ಕಂಪ್ಯೂಟರ್ ಬಿಡಿಭಾಗದ ಅಂಗಡಿಗೆ ಹೊಕ್ಕು, ಕೈಚೀಲದಿಂದ ಚೀಟಿ ತೆಗೆದು ಕೌಂಟರಿನ ಮೇಲಿಟ್ಟರು.

“ಡಿಡಿಆರ್ ನಾಲ್ಕು, ಎಂಟು ಜಿಬಿ, ಒಂದು ರ‍್ಯಾಮ್ ಕೊಡು ಮಾರಾಯಾ. ಲಗ್ನಪತ್ರಿಕೆ ಸೀಸನ್ನು ಶುರುವಾಯ್ತು. ಫೋಟೋಶಾಪ್ ತೆಗೆದ್ರೆ ಮಷೀನು ಮಲಗಿಬಿಡ್ತದೆ.”

ಅಂಗಡಿಯ ಹುಡುಗ ಬೆಲೆ ಹೇಳಿದ. ಗಿರಾಕಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಕೇಳಿದರು. ಅದೇ ಬೆಲೆ.

“ಎಂಥದ್ದೋ ಇದು! ಹೋದ್ವರ್ಷ ಯುಗಾದಿ ಹೊತ್ತಿಗೆ ಎರಡು ಸಾವಿರದೊಳಗೆ ತಗೊಂಡು ಹೋಗಿದ್ದೆನಲ್ಲ?”

“ಅದು ಹೋದ್ವರ್ಷದ ಮಾತು ಸಾರ್. ಇವತ್ತಿನ ರೇಟು ಇವತ್ತಿಗೆ. ನಾಳೆ ಬಂದ್ರೆ ಇದೇ ರೇಟಿಗೆ ಕೊಡ್ತೀನಿ ಅಂತ ಮಾತು ಕೊಡೋಕಾಗಲ್ಲ. ಬೆಂಗಳೂರಿನವರು ಬೆಳಿಗ್ಗೆ ಒಂದು ಹೇಳ್ತಾರೆ, ಸಂಜೆ ಒಂದು ಹೇಳ್ತಾರೆ.”

“ನಾನು ಕಂಪ್ಯೂಟರ್ ಅಂಗಡಿಗೆ ಬಂದಿದ್ದೋ, ಚಿನ್ನದಂಗಡಿಗೆ ಬಂದಿದ್ದೋ?”

ಚೀಟಿ ಮಡಿಸಿ ಮತ್ತೆ ಕೈಚೀಲಕ್ಕೆ ಹೋಯಿತು. ಬಸ್ ಚಾರ್ಜು ದಂಡ.

ಇದು ಒಂದು ಅಂಗಡಿಯ, ಒಬ್ಬ ಗಿರಾಕಿಯ ಕತೆಯಲ್ಲ. 2025ರ ದೀಪಾವಳಿಯಿಂದೀಚೆಗೆ ಕಂಪ್ಯೂಟರ್ ಮೆಮೊರಿಯ ಬೆಲೆ ಏರಿದ ಪರಿ ನೋಡಿದರೆ ಅಡಿಕೆ ವ್ಯಾಪಾರದವರೂ ಬೆಚ್ಚಬೇಕು. ಆ ವರ್ಷ ಮುಗಿಯುವಷ್ಟರಲ್ಲೇ ಚಿಲ್ಲರೆ ಅಂಗಡಿಯಲ್ಲಿ ಬೆಲೆ ಎರಡು ಪಟ್ಟಿಗೂ ಮೀರಿ ಹೋಗಿತ್ತು. ಗೇಣುದ್ದದ ಒಂದು ಪಟ್ಟಿ. ಅದರ ಮೇಲೆ ನಾಲ್ಕೋ ಎಂಟೋ ಕಪ್ಪು ಬಿಲ್ಲೆ. ಇಷ್ಟಕ್ಕೆ ಇಷ್ಟೊಂದು ರಂಪವೇ?

ರಂಪ ಆಗಲೇಬೇಕು. ಯಾಕೆಂದರೆ ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್ ಎಂದರೆ ಬೀರು, ರ‍್ಯಾಮ್ ಎಂದರೆ ಬರೆಯುವ ಮೇಜು. ಬೀರು ಎಷ್ಟೇ ದೊಡ್ಡದಿರಲಿ, ಮೇಜು ಚಿಕ್ಕದಾದರೆ ಒಂದು ಕಡತ ಬಿಚ್ಚಲು ಇನ್ನೊಂದನ್ನು ಮಡಿಸಿಡಬೇಕು. ಮಡಿಸೋದು, ಬಿಚ್ಚೋದು, ಮಡಿಸೋದು, ಬಿಚ್ಚೋದು. ಮಷೀನು ‘ಮಲಗುವುದು’ ಎಂದರೆ ಇದೇ. ಮೇಜು ಅಗಲ ಮಾಡಿಸಿದರೆ ಹಳೇ ಮಷೀನೂ ಎದ್ದು ಕೂರುತ್ತದೆ. ಅದಕ್ಕೇ ಊರೂರಿನ ರಿಪೇರಿಯವರು ಮೊದಲು ಹೇಳುವ ಮದ್ದು, “ಒಂದು ರ‍್ಯಾಮ್ ಹಾಕಿಸ್ಬಿಡಿ.”

ಕತ್ತರಿ ಬಿದ್ದದ್ದು ಯಾರ ಕಿಸೆಗೆ?

ದೊಡ್ಡ ಕಂಪನಿಗಳು ಸಾವಿರಗಟ್ಟಲೆ ಮಷೀನಿಗೆ ಮುಂಗಡ ಒಪ್ಪಂದ ಮಾಡಿಕೊಂಡಿರುತ್ತವೆ. ಹೊಸ ಮಷೀನನ್ನೇ ತರಿಸುತ್ತವೆ. ಒಂದು ಪಟ್ಟಿ ಕೊಂಡು ಹಳೇ ಮಷೀನಿಗೆ ಸಿಕ್ಕಿಸಿಕೊಳ್ಳುವವರು ಯಾರು? ತಾಲ್ಲೂಕು ಕಚೇರಿ ಎದುರು ಅರ್ಜಿ ಟೈಪು ಮಾಡಿಕೊಡುವವರು. ಜೆರಾಕ್ಸ್ ಅಂಗಡಿಯವರು. ಗ್ರಾಮ ಒನ್ ಕೇಂದ್ರ ನಡೆಸುವ ಹುಡುಗರು. ಮದುವೆ ವಿಡಿಯೋ ಎಡಿಟ್ ಮಾಡುವ ಸ್ಟುಡಿಯೋದವರು. ಮಂಡಿಯ ಗುಮಾಸ್ತರು. ಬಿ.ಸಿ.ಎ., ಡಿಪ್ಲೊಮಾ ಓದುವ ಮಕ್ಕಳು.

ಇವರದೊಂದು ಲೆಕ್ಕಾಚಾರ ಇತ್ತು. ಕೈಯಲ್ಲಿ ದುಡ್ಡು ಕಮ್ಮಿ ಇದ್ದಾಗ ಕಮ್ಮಿ ಮೆಮೊರಿಯ ಮಷೀನು ತಗೊಳ್ಳೋದು. ಆರು ತಿಂಗಳೋ ವರ್ಷವೋ ಕಳೆದ ಮೇಲೆ, ಕೈ ಸ್ವಲ್ಪ ಸಡಿಲವಾದಾಗ ಇನ್ನೊಂದು ಪಟ್ಟಿ ಸೇರಿಸೋದು. ಮೊದಲು ಎರಡು ಕೋಣೆ ಕಟ್ಟಿ, ಮಗನಿಗೆ ಕೆಲಸ ಸಿಕ್ಕಿದ ಮೇಲೆ ಮಹಡಿ ಎಬ್ಬಿಸುತ್ತಾರಲ್ಲ, ಹಾಗೆ. ಬ್ಯಾಂಕಿಲ್ಲ, ಜಾಮೀನಿಲ್ಲ, ಬಡ್ಡಿಯಿಲ್ಲ. ಬಡವರು ತಾವೇ ಮಾಡಿಕೊಂಡಿದ್ದ ಕಂತು ಇದು. ದಿನ ಕಳೆದಂತೆ ಮೆಮೊರಿ ಅಗ್ಗವಾಗುತ್ತದೆ ಎಂಬ ನಂಬಿಕೆಯೇ ಇದಕ್ಕೆ ಬುನಾದಿ. ಬಹಳ ವರ್ಷ ಆ ನಂಬಿಕೆ ಹುಸಿಯಾಗಿರಲಿಲ್ಲ. ಈಗ ಬುನಾದಿಯೇ ಅಲುಗಾಡಿದೆ.

ಮಗಳನ್ನು ಕಾಲೇಜಿಗೆ ಸೇರಿಸಿದ ಒಂದು ಮನೆಯಲ್ಲಿ “ಈಗ ಎಂಟರದ್ದು ತಗೋ ಪುಟ್ಟಿ, ಮುಂದಿನ ವರ್ಷ ಹದಿನಾರು ಮಾಡಿಸೋಣ” ಎಂದಿದ್ದ ಅಪ್ಪ ಮುಂದಿನ ವರ್ಷ ಏನು ಹೇಳಬೇಕು? ಮಾತು ತಪ್ಪಿದವನು ಅಪ್ಪನೋ, ಮಾರ್ಕೆಟ್ಟೋ?

ಗಾಳಿಮಾತು ಬೇರೆ, ಲೆಕ್ಕ ಬೇರೆ

ಬೆಲೆ ಏರಿದಾಗ ಊರಿನಲ್ಲಿ ಮೊದಲು ಹುಟ್ಟುವುದು ಗುಸುಗುಸು. “ಅಂಗಡಿಯವರೇ ದಾಸ್ತಾನು ಬಚ್ಚಿಟ್ಟಿದಾರೆ ಕಣ್ರೀ.” “ಜಿ.ಎಸ್.ಟಿ. ಏರಿಸಿದ್ರಂತೆ.” “ಡಾಲರ್ ಮೇಲೆ ಹೋಯ್ತಲ್ಲ, ಅದಕ್ಕೆ.” ಒಂದೊಂದನ್ನೇ ತಕ್ಕಡಿಗೆ ಹಾಕಿ ನೋಡುವುದು ಒಳ್ಳೇದು.

ಡಾಲರ್ ಮಾತು ಸುಳ್ಳಲ್ಲ. 2025ರ ಆರಂಭದಲ್ಲಿ ಡಾಲರಿಗೆ 86 ರೂಪಾಯಿ ಆಸುಪಾಸಿನಲ್ಲಿದ್ದದ್ದು ಅದೇ ವರ್ಷ ಡಿಸೆಂಬರಿನಲ್ಲಿ 90 ದಾಟಿತು. ಮೆಮೊರಿ ಪೂರ್ತಿ ಹೊರದೇಶದ ಮಾಲು. ಹಾಗಾಗಿ ರೂಪಾಯಿ ಜಾರಿದರೆ ಇಲ್ಲಿ ಬೆಲೆ ಏರುತ್ತದೆ. ಆದರೆ ಇದರ ಪಾಲು ನೂರಕ್ಕೆ ನಾಲ್ಕೋ ಐದೋ ರೂಪಾಯಿ. ಎರಡು ಪಟ್ಟಿಗೆ ಇದು ಕಾರಣವಾಗೋಲ್ಲ.

ಜಿ.ಎಸ್.ಟಿ. ಏರಿಲ್ಲ. ಇಳಿದೂ ಇಲ್ಲ. 2025ರ ಸೆಪ್ಟೆಂಬರ್ 22ರಂದು ನೂರಾರು ವಸ್ತುಗಳ ಮೇಲಿನ ತೆರಿಗೆ ಇಳಿದಾಗ ಕಂಪ್ಯೂಟರ್ ಬಿಡಿಭಾಗ ಇದ್ದಲ್ಲೇ, ಶೇಕಡಾ 18ರಲ್ಲೇ ಉಳಿಯಿತು. ಆದರೆ ಒಂದು ಮಾತಿದೆ. ಎರಡು ಸಾವಿರದ ಮಾಲಿಗೆ 18ರಂತೆ 360 ರೂಪಾಯಿ ತೆರಿಗೆ. ಅದೇ ಮಾಲು ನಾಲ್ಕೂವರೆ ಸಾವಿರವಾದರೆ ತೆರಿಗೆ 810 ರೂಪಾಯಿ. ದರ ಏರಿಸದೆಯೇ ಸರ್ಕಾರದ ಪಾಲು ಏರಿತು. ಗಿರಾಕಿಯ ಸಂಕಟದಲ್ಲಿ ಖಜಾನೆಗೂ ಒಂದು ತುತ್ತು!

ಇನ್ನು ಅಂಗಡಿಯವರು. ಹಳೇ ದರಕ್ಕೆ ತಂದ ನಾಲ್ಕಾರು ಪಟ್ಟಿಯನ್ನು ಹೊಸ ದರಕ್ಕೆ ಮಾರಿ ನಾಲ್ಕು ಕಾಸು ಮಾಡಿಕೊಂಡವರು ಇಲ್ಲವೇ ಇಲ್ಲ ಎಂದರೆ ಅದು ಸುಳ್ಳಾದೀತು. ಆದರೆ ಜಿಲ್ಲೆಯ ಅಂಗಡಿಯವನ ಶಕ್ತಿ ಎಷ್ಟು? ಬೇಕಾದಾಗ ಬೆಂಗಳೂರಿನ ಎಸ್.ಪಿ. ರೋಡಿಗೆ ಫೋನ್ ಹಚ್ಚಿ ಹತ್ತಿಪ್ಪತ್ತು ಪಟ್ಟಿ ತರಿಸುವವನು ಅವನು. ದಾಸ್ತಾನು ಮಾಡಲು ಬಂಡವಾಳವೂ ಇಲ್ಲ, ಧೈರ್ಯವೂ ಇಲ್ಲ. ಇವತ್ತು ದುಬಾರಿಗೆ ತಂದು ನಾಳೆ ಬೆಲೆ ಬಿದ್ದರೆ ಮುಳುಗುವವನು ಅವನೇ. ಕಳ್ಳನನ್ನು ದುರ್ಗಿಗುಡಿಯಲ್ಲಿ ಹುಡುಕಿ ಪ್ರಯೋಜನವಿಲ್ಲ.

ಹಾಗಾದರೆ ಬೆಲೆ ಏರಿದ್ದು ಎಲ್ಲಿ? ಹುಟ್ಟುವ ಜಾಗದಲ್ಲೇ. ರಾಯಿಟರ್ಸ್ ಸುದ್ದಿಸಂಸ್ಥೆಯ ವರದಿಯಂತೆ, ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಕಂಪನಿ ಸಗಟು ಒಪ್ಪಂದದಲ್ಲಿ 32 ಜಿಬಿಯ ಡಿಡಿಆರ್5 ಪಟ್ಟಿಗೆ 2025ರ ಸೆಪ್ಟೆಂಬರಿನಲ್ಲಿ 149 ಡಾಲರ್ ಹಾಕಿತ್ತು. ನವೆಂಬರಿನಲ್ಲಿ ಅದನ್ನೇ 239 ಡಾಲರ್ ಮಾಡಿತು. ಎರಡು ತಿಂಗಳಲ್ಲಿ ಶೇಕಡಾ 60! ಸಾವಿರಗಟ್ಟಲೆ ಕೊಳ್ಳುವ ಸಗಟು ಗಿರಾಕಿಗೇ ಈ ಪಾಡಾದರೆ ಒಂದು ಪಟ್ಟಿ ಕೊಳ್ಳುವವನ ಗತಿ ಕೇಳಬೇಕೇ?

ಗದ್ದೆ ಹೋಗಿ ತೋಟ ಬಂತು

ಕಾರಣ ತಿಳಿಯಲು ಕೊರಿಯಾಕ್ಕೆ ಹೋಗಬೇಕಿಲ್ಲ. ಈ ಜಿಲ್ಲೆಯ ಯಾವ ರೈತನನ್ನು ಕೇಳಿದರೂ ಸಾಕು. ತುಂಗಾ, ಭದ್ರಾ ನಾಲೆಯ ನೀರು ಹರಿಯುವ ಎಷ್ಟೋ ಭತ್ತದ ಗದ್ದೆಗಳು ಇವತ್ತು ಅಡಿಕೆ ತೋಟಗಳಾಗಿವೆ. ರೈತನನ್ನು ದೂರಿ ಫಲವಿಲ್ಲ. ಭತ್ತದಲ್ಲಿ ಗೊಬ್ಬರದ ದುಡ್ಡು ಹುಟ್ಟುವುದು ಕಷ್ಟ, ಅಡಿಕೆಯಲ್ಲಿ ಮನೆ ಕಟ್ಟಬಹುದು. ಭೂಮಿ ಅದೇ, ನೀರು ಅದೇ, ಬೆಳೆ ಬೇರೆ. ಆದರೆ ಗದ್ದೆಯೆಲ್ಲ ತೋಟವಾದರೆ ಅಕ್ಕಿ ಎಲ್ಲಿಂದ ಬರಬೇಕು?

ಮೆಮೊರಿ ಜಗತ್ತಿನಲ್ಲಿ ಆಗಿರುವುದೂ ಇದೇ. ಅಲ್ಲಿನ ಗದ್ದೆ ಎಂದರೆ ಸಿಲಿಕಾನ್ ತಟ್ಟೆ. ಊಟದ ತಟ್ಟೆಯಗಲದ, ತೆಳ್ಳನೆಯ, ಕನ್ನಡಿಯಂತೆ ಹೊಳೆಯುವ ಈ ತಟ್ಟೆಯ ಮೇಲೆ ನೂರಾರು ಬಿಲ್ಲೆಗಳನ್ನು ‘ಬೆಳೆದು’ ಕತ್ತರಿಸಿ ತೆಗೆಯುತ್ತಾರೆ. ಪ್ರಪಂಚದಲ್ಲಿ ಈ ಬೆಳೆ ತೆಗೆಯುವ ಜಮೀನ್ದಾರರು ಮುಖ್ಯವಾಗಿ ಮೂರೇ ಜನ. ಕೊರಿಯಾದ ಸ್ಯಾಮ್‌ಸಂಗ್, ಅದೇ ದೇಶದ ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಹತ್ತರಲ್ಲಿ ಒಂಬತ್ತು ಪಾಲು ಮಾಲು ಈ ಮೂವರದೇ.

ಈ ಮೂವರ ಕಣ್ಣಿಗೆ ಬಿದ್ದಿರುವ ಹೊಸ ಅಡಿಕೆಯ ಹೆಸರು ಎಚ್‌ಬಿಎಂ. ಕೃತಕ ಬುದ್ಧಿಮತ್ತೆ, ಅಂದರೆ ಎಲ್ಲರ ಬಾಯಲ್ಲೂ ಇರುವ ‘ಎಐ’, ನಡೆಯುವ ದೊಡ್ಡ ಯಂತ್ರಗಳಿಗೆ ಬೇಕಾದ ಮೆಮೊರಿ ಇದು. ಎಂಟು, ಹನ್ನೆರಡು ಬಿಲ್ಲೆಗಳನ್ನು ದೋಸೆ ಪೇರಿಸಿದಂತೆ ಒಂದರ ಮೇಲೊಂದು ಪೇರಿಸಿ, ಅವುಗಳ ನಡುವೆ ಸೂಜಿಗಿಂತ ಸಣ್ಣ ರಂಧ್ರ ಕೊರೆದು ತಂತಿ ಎಳೆದಂತೆ ಜೋಡಿಸುತ್ತಾರೆ. ಮಾಡುವುದು ಕಷ್ಟ, ಹಾಳಾಗುವುದು ಹೆಚ್ಚು. ಅಷ್ಟೇ ಜಿಬಿ ಡಿಡಿಆರ್5 ಮಾಡಲು ಬೇಕಾಗುವುದಕ್ಕಿಂತ ಸುಮಾರು ಮೂರು ಪಟ್ಟು ತಟ್ಟೆ ಎಚ್‌ಬಿಎಂಗೆ ಬೇಕು ಎಂದು ಮೈಕ್ರಾನ್ ತಾನೇ ಹೇಳಿಕೊಂಡಿದೆ. ಆದರೂ ಮಾಡುತ್ತಾರೆ. ಯಾಕೆಂದರೆ ಲಾಭ ಅದರಲ್ಲೇ.

ಲೆಕ್ಕ ಹಾಕಿ ನೋಡಿ. ಎನ್ವಿಡಿಯಾ ಕಂಪನಿಯ ಎಚ್200 ಎಂಬ ಎಐ ಬಿಲ್ಲೆ ಒಂದಕ್ಕೆ 141 ಜಿಬಿ ಎಚ್‌ಬಿಎಂ. ಇಂಥ ಎಂಟು ಸೇರಿದರೆ ಒಂದು ಸರ್ವರ್. ಒಟ್ಟು 1,128 ಜಿಬಿ. ಅಂದರೆ ಎಂಟೆಂಟು ಜಿಬಿಯ 141 ಕಂಪ್ಯೂಟರುಗಳ ಮೆಮೊರಿ ಒಂದೇ ಡಬ್ಬದ ಹೊಟ್ಟೆಗೆ. ತಟ್ಟೆಯ ಲೆಕ್ಕದಲ್ಲಿ ಮೂರು ಪಟ್ಟು ಎಂದು ಹಿಡಿದರೆ ನಾನೂರಕ್ಕೂ ಹೆಚ್ಚು ಕಂಪ್ಯೂಟರುಗಳ ಪಾಲು. ಇಂಥ ಡಬ್ಬಗಳನ್ನು ಸಾವಿರಗಟ್ಟಲೆ ಸಾಲಾಗಿ ನಿಲ್ಲಿಸುತ್ತಿದ್ದಾರೆ. ಎಚ್‌ಬಿಎಂ ಸಾಲದೆಂದು ಅವೇ ಸರ್ವರುಗಳಿಗೆ ಮಾಮೂಲಿ ಮೆಮೊರಿಯೂ ರಾಶಿ ರಾಶಿ ಬೇಕು.

2025ರ ಅಕ್ಟೋಬರಿನಲ್ಲಿ ಚಾಟ್‌ಜಿಪಿಟಿ ಖ್ಯಾತಿಯ ಓಪನ್‌ಎಐ ಕಂಪನಿ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್ ಜತೆ ಕೈಕುಲುಕಿತು. ಗುರಿ, ತಿಂಗಳಿಗೆ 9 ಲಕ್ಷ ತಟ್ಟೆಗಳವರೆಗೆ. ಅದೇ ತಿಂಗಳು ಎಸ್‌ಕೆ ಹೈನಿಕ್ಸ್ ತನ್ನ 2026ರ ಮಾಲೆಲ್ಲ ಆಗಲೇ ಮಾರಾಟವಾಗಿಹೋಗಿದೆ ಎಂದಿತು. ಮರದಲ್ಲಿ ಹಿಂಗಾರ ಬಿಡುವ ಮೊದಲೇ ಫಸಲು ಗುತ್ತಿಗೆ ಕೊಟ್ಟಂತೆ! ಡಿಸೆಂಬರ್ 3ರಂದು ಮೈಕ್ರಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಿಲ್ಲರೆ ಗಿರಾಕಿಗಳಿಗೆ ‘ಕ್ರೂಶಿಯಲ್’ ಹೆಸರಿನಲ್ಲಿ ಮಾರುತ್ತಿದ್ದ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿತು. 2026ರ ಫೆಬ್ರವರಿವರೆಗೆ ಸರಬರಾಜು, ಆಮೇಲೆ ಇಲ್ಲ. ಸುಮಾರು 30 ವರ್ಷ ನಡೆದ ಅಂಗಡಿ. ದೊಡ್ಡ ಗಿರಾಕಿ ಬಂದನೆಂದು ಬಾಗಿಲಲ್ಲಿ ನಿಂತ ಸಣ್ಣ ಗಿರಾಕಿಯ ಮುಖಕ್ಕೆ ಕದ ಹಾಕಿಕೊಂಡ ಹಾಗೆ.

ಅದರ ಮೇಲೆ ಇನ್ನೊಂದು ಪೆಟ್ಟು. ಹಳೇ ಮಷೀನುಗಳಲ್ಲಿ ಇರುವುದು ಡಿಡಿಆರ್4. ಅದನ್ನು ಮಾಡುವುದನ್ನೇ ಕಮ್ಮಿ ಮಾಡಿ ನಿಲ್ಲಿಸುತ್ತೇವೆಂದು ಮೂವರೂ 2025ರಲ್ಲಿ ಸೂಚನೆ ಕೊಟ್ಟರು. ಪರಿಣಾಮ, ಅದೇ ವರ್ಷ ಜೂನ್ ಹೊತ್ತಿಗೆ ಹೊಸ ಡಿಡಿಆರ್5 ಬಿಲ್ಲೆಗಿಂತ ಹಳೇ ಡಿಡಿಆರ್4 ಬಿಲ್ಲೆಯೇ ಸಗಟು ಮಾರ್ಕೆಟ್ಟಿನಲ್ಲಿ ದುಬಾರಿಯಾಗುವ ವಿಚಿತ್ರ ಕಂಡಿತು. ಹಳೇದನ್ನೇ ನೆಚ್ಚಿಕೊಂಡವರು ಯಾರು? ಮತ್ತೆ ಅದೇ ಜೆರಾಕ್ಸ್ ಅಂಗಡಿ, ಅದೇ ಶಾಲೆ, ಅದೇ ಡಿ.ಟಿ.ಪಿ.

ಹಿಂದೆಯೂ ಏರಿತ್ತು, ಆದರೆ...

“ಏರಿದ್ದು ಇಳಿಯಲೇಬೇಕು” ಎನ್ನುವವರಿದ್ದಾರೆ. ಅವರ ಮಾತಿಗೆ ಇತಿಹಾಸದ ಬೆಂಬಲ ಉಂಟು. 1988ರಲ್ಲಿ ಮೆಮೊರಿಗೆ ಬರಗಾಲ ಬಂದು ಅಮೆರಿಕದ ಕಂಪ್ಯೂಟರ್ ಕಂಪನಿಗಳು ತತ್ತರಿಸಿದ್ದವು. 1993ರ ಜುಲೈ 4ರಂದು ಜಪಾನಿನ ನಿಹಾಮಾದಲ್ಲಿ ಸುಮಿಟೊಮೊ ಕೆಮಿಕಲ್ ಕಂಪನಿಯ ಕಾರ್ಖಾನೆ ಸ್ಫೋಟಗೊಂಡಿತು. ಅಲ್ಲಿ ಆಗುತ್ತಿದ್ದದ್ದು ಬಿಲ್ಲೆ ಅಲ್ಲ, ಬಿಲ್ಲೆಗೆ ಹೊದಿಸುವ ಅಂಟಿನ ವಸ್ತು. ಅಷ್ಟಕ್ಕೇ ಜಗತ್ತಿನಾದ್ಯಂತ ಬೆಲೆ ಜಿಗಿಯಿತು. 1999ರ ಸೆಪ್ಟೆಂಬರ್ 21ರ ತೈವಾನ್ ಭೂಕಂಪ, 2013ರ ಸೆಪ್ಟೆಂಬರಿನಲ್ಲಿ ಚೀನಾದ ವೂಶಿಯಲ್ಲಿದ್ದ ಹೈನಿಕ್ಸ್ ಕಾರ್ಖಾನೆಯ ಬೆಂಕಿ, ಪ್ರತಿ ಸಲವೂ ಇದೇ ಕತೆ. ಏರಿತು, ಇಳಿಯಿತು.

ಕಂಪನಿಗಳೇ ಗುಟ್ಟಾಗಿ ಮಾತಾಡಿಕೊಂಡು ಬೆಲೆ ಕಟ್ಟಿದ್ದೂ ಉಂಟು. ಆ ಪ್ರಕರಣದಲ್ಲಿ ಅಮೆರಿಕದಲ್ಲಿ 2004ರಲ್ಲಿ ಜರ್ಮನಿಯ ಇನ್ಫಿನಿಯಾನ್ 16 ಕೋಟಿ ಡಾಲರ್, 2005ರಲ್ಲಿ ಹೈನಿಕ್ಸ್ 18.5 ಕೋಟಿ ಡಾಲರ್, ಸ್ಯಾಮ್‌ಸಂಗ್ 30 ಕೋಟಿ ಡಾಲರ್ ದಂಡ ತೆರಲು ಒಪ್ಪಿ ತಪ್ಪೊಪ್ಪಿಕೊಂಡವು. ಈ ಸಲದ ಏರಿಕೆಗೆ ಅಂಥ ಗುಟ್ಟಿನ ಕೂಟ ಬೇಕಾಗಿಯೇ ಇಲ್ಲ. ಮೂವರೂ ತಮ್ಮ ತಮ್ಮ ಲಾಭ ನೋಡಿಕೊಂಡು ಒಂದೇ ದಿಕ್ಕಿಗೆ ನಡೆದರೆ ಸಾಕು.

ವ್ಯತ್ಯಾಸ ಇಲ್ಲಿದೆ. ಹಿಂದೆ ಎಷ್ಟೋ ಸಲ ಬೆಂಕಿ, ಭೂಕಂಪ ಬೆಲೆ ಏರಿಸಿದವು. ಬೆಂಕಿ ಆರಿದ ಮೇಲೆ ಕಾರ್ಖಾನೆ ಮತ್ತೆ ಶುರುವಾಗುತ್ತಿತ್ತು. ಈ ಸಲ ಯಾವ ಕಾರ್ಖಾನೆಯೂ ಸುಟ್ಟಿಲ್ಲ. ಎಲ್ಲವೂ ಹಗಲೂ ರಾತ್ರಿ ನಡೆಯುತ್ತಿವೆ. ಮಾಲು ಬರುತ್ತಿದೆ, ಬೇರೆಯವರ ಮನೆಗೆ ಹೋಗುತ್ತಿದೆ.

ಹೊಸ ಕಾರ್ಖಾನೆ ಕಟ್ಟಬಾರದೇ? ಕಟ್ಟುತ್ತಿದ್ದಾರೆ. ಆದರೆ ಇವತ್ತು ಅಡಿಕೆ ಸಸಿ ನೆಟ್ಟರೆ ನಾಳೆ ಕೊನೆ ಕೊಯ್ಯಲಾಗುತ್ತದೆಯೇ? ಅಮೆರಿಕದ ಐಡಾಹೊದಲ್ಲಿ ಮೈಕ್ರಾನ್ 2022ರಲ್ಲಿ ಗುದ್ದಲಿ ಪೂಜೆ ಮಾಡಿದ ಕಾರ್ಖಾನೆಯಿಂದ ಮೊದಲ ತಟ್ಟೆ ಹೊರಬರುವುದು 2027ರಲ್ಲಿ ಎಂಬುದು ಕಂಪನಿಯದೇ ಮಾತು. ಜತೆಗೆ ಕಂಪನಿಗಳಿಗೆ ಹಳೇ ಗಾಯದ ನೆನಪಿದೆ. 2023ರ ಹಣಕಾಸು ವರ್ಷದಲ್ಲಿ ಬೆಲೆ ಪಾತಾಳ ಕಂಡಾಗ ಮೈಕ್ರಾನ್ ಒಂದಕ್ಕೇ 580 ಕೋಟಿ ಡಾಲರಿಗೂ ಹೆಚ್ಚು ನಷ್ಟ. 2012ರಲ್ಲಿ ಜಪಾನಿನ ಎಲ್ಪಿಡಾ ದಿವಾಳಿಯೇ ಆಯಿತು. ಹಾಗಾಗಿ ಚಿಲ್ಲರೆ ಗಿರಾಕಿಗಾಗಿ ಎಂದು ಯಾರೂ ಹೊಸ ಗದ್ದೆ ಹೂಡುವ ಉಮೇದಿನಲ್ಲಿಲ್ಲ.

ವಿಂಡೋಸ್ ಹತ್ತರ ಬರೆ

ಗಾಯದ ಮೇಲೆ ಬರೆ ಎಂಬಂತೆ, ಇದೇ ಹೊತ್ತಿಗೆ ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಹಾಯ ನಿಲ್ಲಿಸಿತು. ಮನೆಬಳಕೆಯ ಮಷೀನುಗಳಿಗೆ ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ಪರಿಷ್ಕರಣೆ ಸಿಗುತ್ತದೆ ಎಂದು ಒಂದು ವರ್ಷದ ವಾಯಿದೆ ಕೊಟ್ಟಿತು. ಆಮೇಲೆ?

ಆಮೇಲೆ ವಿಂಡೋಸ್ 11 ಹಾಕಿಸಬೇಕು. ಕಾಗದದ ಮೇಲೆ ಅದಕ್ಕೆ 4 ಜಿಬಿ ಸಾಕು. 4 ಜಿಬಿಯಲ್ಲಿ ಅದನ್ನು ಓಡಿಸಿ ನೋಡಿದವರಿಗೆ ಗೊತ್ತು, ಅದು ಓಡುವುದಿಲ್ಲ, ತೆವಳುತ್ತದೆ. ಎಂಟಾದರೂ ಬೇಕು. ಅಂದರೆ ರ‍್ಯಾಮ್ ಹಾಕಿಸಲೇಬೇಕಾದ ಹೊತ್ತಿಗೇ ರ‍್ಯಾಮ್ ಕೈಗೆ ಎಟುಕದಂತಾಯಿತು.

ಇಲ್ಲಿ ಬಹಳ ಜನ ಮೋಸಹೋಗುವ ಒಂದು ಜಾಗವಿದೆ. ವಿಂಡೋಸ್ 11 ಕೇಳುವುದು ಬರೀ ಮೆಮೊರಿಯನ್ನಲ್ಲ. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರ ನಂತರದ್ದು ಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಬೇಕು. ಅದಕ್ಕಿಂತ ಹಳೇ ಮಷೀನಿಗೆ ಎಷ್ಟು ರ‍್ಯಾಮ್ ತುರುಕಿದರೂ ಮೈಕ್ರೋಸಾಫ್ಟ್ ಒಪ್ಪುವುದಿಲ್ಲ. “ರ‍್ಯಾಮ್ ಹಾಕಿಸಿ ಸಾರ್, ಹನ್ನೊಂದು ಕೂರುತ್ತೆ” ಎನ್ನುವವರ ಮಾತಿಗೆ ಮರುಳಾಗಿ ದುಬಾರಿ ದುಡ್ಡು ಸುರಿಯುವ ಮೊದಲು ಪ್ರೊಸೆಸರ್ ಯಾವುದೆಂದು ನೋಡುವುದು ಕ್ಷೇಮ.

ಲಿನಕ್ಸ್ ಹಾಕಿಕೊಳ್ಳಿ, ಕಮ್ಮಿ ಮೆಮೊರಿಯಲ್ಲಿ ಓಡುತ್ತದೆ, ಕಾಸೂ ಇಲ್ಲ ಎನ್ನುವ ಬುದ್ಧಿವಂತರಿದ್ದಾರೆ. ಬರೀ ಬ್ರೌಸಿಂಗು, ಪತ್ರ ಟೈಪು ಮಾಡುವವರಿಗೆ ಅದು ಒಳ್ಳೆಯ ಮಾತೇ. ಆದರೆ ನುಡಿಯ ಹಳೇ ಅಕ್ಷರಗಳಲ್ಲಿ ಪೇಜ್‌ಮೇಕರ್, ಕೋರೆಲ್‌ಡ್ರಾ ಹಿಡಿದು ಹತ್ತಾರು ವರ್ಷದ ಲಗ್ನಪತ್ರಿಕೆ, ಕರಪತ್ರ, ಬಿಲ್‌ಪುಸ್ತಕದ ಕಡತಗಳನ್ನು ಪೇರಿಸಿಟ್ಟುಕೊಂಡ ಡಿ.ಟಿ.ಪಿ.ಯವನು ರಾತ್ರೋರಾತ್ರಿ ಎಲ್ಲಿಗೆ ಹೋಗಬೇಕು? ಅವನ ಅನ್ನ ವಿಂಡೋಸಿನಲ್ಲೇ ಇದೆ.

ಸರ್ಕಾರ ಏನು ಮಾಡಬಹುದು?

ಗುಜರಾತಿನ ಸಾನಂದದಲ್ಲಿ ಮೈಕ್ರಾನ್ ಕಾರ್ಖಾನೆಗೆ ಕೇಂದ್ರ ಸಂಪುಟ 2023ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿತು. ಯೋಜನೆಯ ವೆಚ್ಚ 22,516 ಕೋಟಿ ರೂಪಾಯಿ. ಹಾಗಾದರೆ ನಮ್ಮಲ್ಲೇ ಅಗ್ಗವಾಗಬೇಕಲ್ಲ ಎಂಬ ಪ್ರಶ್ನೆ ಸಹಜ. ಉತ್ತರ ಕಹಿ. ಅದು ಬಿಲ್ಲೆಗಳನ್ನು ಜೋಡಿಸಿ, ಪರೀಕ್ಷಿಸಿ, ಡಬ್ಬಕ್ಕೆ ಹಾಕುವ ಕಾರ್ಖಾನೆ. ತಟ್ಟೆಯ ಮೇಲೆ ಬೆಳೆ ತೆಗೆಯುವ ಕೆಲಸ ಹೊರದೇಶದಲ್ಲೇ. ಅಡಿಕೆ ಸುಲಿಯುವ ಮನೆ ಊರಿನಲ್ಲಿದ್ದ ಮಾತ್ರಕ್ಕೆ ಅಡಿಕೆ ಅಗ್ಗವಾಗುವುದಿಲ್ಲ.

ರ‍್ಯಾಮ್‌ಗೆ ಪಡಿತರ ಚೀಟಿ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಆದರೆ ಜಿಲ್ಲಾ ಮಟ್ಟದಲ್ಲೇ, ನಯಾಪೈಸೆ ಹೆಚ್ಚು ಖರ್ಚಿಲ್ಲದೆ ಆಗುವ ಕೆಲಸಗಳಿವೆ.

ಮೊದಲನೇದು ಟೆಂಡರು. ಬೆಲೆ ವಾರಕ್ಕೊಮ್ಮೆ ಬದಲಾಗುವಾಗ ಆರು ತಿಂಗಳ ಹಿಂದಿನ ದರಪಟ್ಟಿ ಹಿಡಿದು ಶಾಲೆಗೆ ಕಂಪ್ಯೂಟರ್ ಕೇಳಿದರೆ ಎರಡರಲ್ಲೊಂದು ಆಗುತ್ತದೆ. ಗುತ್ತಿಗೆದಾರ ಓಡಿಹೋಗುತ್ತಾನೆ. ಇಲ್ಲವೇ ಹದಿನಾರು ಬರೆದ ಜಾಗದಲ್ಲಿ ಎಂಟು, ಹೊಸದು ಬರೆದ ಜಾಗದಲ್ಲಿ ಹಳೇದು ತಂದು ಸಿಕ್ಕಿಸುತ್ತಾನೆ. ಡಬ್ಬ ಬಿಚ್ಚಿ ನೋಡುವ ಮೇಷ್ಟರು ಎಷ್ಟು ಜನ? ಮಾಲು ತೆಗೆದುಕೊಳ್ಳುವ ದಿನವೇ ಪ್ರತಿ ಮಷೀನಿನ ಮೆಮೊರಿ ಎಷ್ಟು, ಯಾವ ವೇಗದ್ದು, ಯಾವ ಸಂಖ್ಯೆಯದ್ದು ಎಂದು ಬರೆದುಕೊಂಡು ಸಹಿ ಹಾಕಿಸುವ ಪದ್ಧತಿ ತಂದರೆ ಅರ್ಧ ಮೋಸ ಅಲ್ಲೇ ನಿಲ್ಲುತ್ತದೆ.

ಎರಡನೇದು, ಗುಜರಿ. ಸರ್ಕಾರಿ ಕಚೇರಿಗಳಲ್ಲಿ ‘ನಿರುಪಯುಕ್ತ’ ಎಂದು ಮೂಲೆಗೆ ಸೇರುವ ಮಷೀನುಗಳಲ್ಲಿ ಪರದೆ ಹೋಗಿರಬಹುದು, ಬೋರ್ಡು ಹೋಗಿರಬಹುದು, ರ‍್ಯಾಮ್ ಹೋಗಿರುವುದು ಅಪರೂಪ. ಅವುಗಳನ್ನು ತೂಕದ ಲೆಕ್ಕದಲ್ಲಿ ವಿಲೇವಾರಿ ಮಾಡುವ ಮೊದಲು ಮೆಮೊರಿ ಬಿಚ್ಚಿ ಪರೀಕ್ಷಿಸಿ, ಲೆಕ್ಕ ಇಟ್ಟು, 4 ಜಿಬಿಯಲ್ಲಿ ಏದುಸಿರು ಬಿಡುವ ಶಾಲೆಯ ಮಷೀನಿಗೆ ಯಾಕೆ ಹಾಕಬಾರದು? ಜಿಲ್ಲೆಯ ಪಾಲಿಟೆಕ್ನಿಕ್, ಐ.ಟಿ.ಐ. ಮಕ್ಕಳಿಗೆ ಎರಡು ದಿನದ ಕೆಲಸ. ಅವರಿಗೂ ಪಾಠ, ಶಾಲೆಗೂ ಲಾಭ. ನಿಯಮ ಅಡ್ಡ ಬಂದರೆ ನಿಯಮ ಸಡಿಲಿಸುವುದು ಅಧಿಕಾರಿಗಳ ಕೈಯಲ್ಲೇ ಇದೆ.

ಕಿಸೆ ಉಳಿಸುವ ದಾರಿ

ಅಲ್ಲಿಯವರೆಗೆ ಗಿರಾಕಿ ಏನು ಮಾಡಬೇಕು? ಅನುಭವಸ್ಥ ರಿಪೇರಿಯವರು ಹೇಳುವ ನಾಲ್ಕು ಮಾತು ನೆನಪಿಡುವುದು ಒಳ್ಳೇದು.

ಒಂದು, ರೋಗ ನೋಡಿ ಮದ್ದು ಕೊಳ್ಳಿ. ಮಷೀನು ನಿಧಾನವಾದದ್ದೆಲ್ಲ ರ‍್ಯಾಮ್ ತಪ್ಪಲ್ಲ. ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದು, ಎಂದಿನ ಕೆಲಸ ಮಾಡುತ್ತಾ ಮೆಮೊರಿ ಶೇಕಡಾ ಎಷ್ಟು ತುಂಬಿದೆ ಎಂದು ನೋಡಿ. ಅರವತ್ತು ಎಪ್ಪತ್ತರಲ್ಲೇ ನಿಂತಿದ್ದರೆ ತಪ್ಪು ಬೇರೆಲ್ಲೋ ಇದೆ. ಹಳೇ ಹಾರ್ಡ್ ಡಿಸ್ಕ್ ಇರಬಹುದು, ವೈರಸ್ ಇರಬಹುದು. ಇನ್ನೂ ಹಳೇ ಕಾಲದ 32 ಬಿಟ್ ವಿಂಡೋಸ್ ಇದ್ದರಂತೂ 4 ಜಿಬಿಗಿಂತ ಹೆಚ್ಚು ಹಾಕಿದ್ದು ಹೊಳೆಗೆ ಹಾಕಿದಂತೆ. ಅದು ಮುಟ್ಟುವುದೇ ಇಲ್ಲ.

ಎರಡು, ಅಳತೆ ನೋಡಿ ಅಂಗಿ ಕೊಳ್ಳಿ. ಡಿಡಿಆರ್3, 4, 5 ಮೂರೂ ಬೇರೆ ಬೇರೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಲ್ಯಾಪ್‌ಟಾಪಿನ ಪಟ್ಟಿ ಗಿಡ್ಡ, ಮೇಜಿನ ಮಷೀನಿನದು ಉದ್ದ. ಕೆಲವು ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಂಥದ್ದಕ್ಕೆ ಆಮೇಲೆ ಸೇರಿಸುವ ಮಾತೇ ಇಲ್ಲ. ಹೊಸದಾಗಿ ಕೊಳ್ಳುವವರು “ಖಾಲಿ ಸ್ಲಾಟ್ ಇದೆಯಾ?” ಎಂದು ಕೇಳದೆ ದುಡ್ಡು ಬಿಚ್ಚಬಾರದು.

ಮೂರು, ಹಳೇ ಪಟ್ಟಿ ಕೊಳ್ಳುವುದು ನಾಚಿಕೆಯಲ್ಲ. ತಿರುಗುವ ಭಾಗವಿಲ್ಲದ ವಸ್ತು, ಸುಲಭಕ್ಕೆ ಸವೆಯುವುದಿಲ್ಲ. ಆದರೆ ಬಿಲ್ಲು, ಕನಿಷ್ಠ ಒಂದು ತಿಂಗಳ ಬದಲಿ ಗ್ಯಾರಂಟಿ ಇಲ್ಲದೆ ಬೇಡ. ಮೆಮ್‌ಟೆಸ್ಟ್86 ಎಂಬ ಉಚಿತ ಪರೀಕ್ಷೆಯನ್ನು ಒಂದು ರಾತ್ರಿ ಓಡಿಸಿದರೆ ಹುಳುಕು ಹೊರಬರುತ್ತದೆ. ಹೆಸರಾಂತ ಕಂಪನಿಯ ಚೀಟಿ ಅಂಟಿಸಿದ ನಕಲಿ ಮಾಲಿನ ಬಗ್ಗೆ ಎಚ್ಚರ. ಬೆಲೆ ಏರಿದಾಗಲೇ ನಕಲಿಗೆ ಹಬ್ಬ.

ನಾಲ್ಕು, ಇದು ಕಳ್ಳತನದ ಕಾಲವೂ ಹೌದು. ಮಷೀನನ್ನು ರಿಪೇರಿಗೆ ಬಿಡುವ ಮೊದಲು ಎಷ್ಟು ಮೆಮೊರಿ ಇದೆ ಎಂದು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಹದಿನಾರು ಒಳಗೆ ಹೋಗಿ ಎಂಟು ಹೊರಗೆ ಬಂದರೆ ಆಮೇಲೆ ಯಾರನ್ನು ಕೇಳುವುದು? ಪ್ರಾಮಾಣಿಕ ರಿಪೇರಿಯವನಿಗೆ ಇದರಿಂದ ಬೇಜಾರಾಗುವುದಿಲ್ಲ. ಅವನಿಗೂ ಅದೇ ಚೀಟಿ ರಕ್ಷಣೆ.

ತುರ್ತಿಲ್ಲದವರು ಕಾಯಬಹುದು. ತುರ್ತಿರುವವರು ಎರಡು ಅಂಗಡಿ ವಿಚಾರಿಸಿ, ಬೇಕಾದಷ್ಟೇ ಕೊಳ್ಳಬಹುದು. “ಇನ್ನೂ ಏರುತ್ತೆ” ಎಂಬ ಹೆದರಿಕೆಯಲ್ಲಿ ಸಾಲ ಮಾಡಿ ಎರಡೆರಡು ಕೊಂಡಿಡುವುದು ಮಾತ್ರ ಬೇಡ. ಅಡಿಕೆ ಏರಿದಾಗ ಕೊಂಡು, ಇಳಿದಾಗ ತಲೆ ಮೇಲೆ ಕೈ ಹೊತ್ತವರನ್ನು ಈ ಜಿಲ್ಲೆ ಸಾಕಷ್ಟು ಕಂಡಿದೆ.

ತೀರ್ಥಹಳ್ಳಿಯ ಆ ಗಿರಾಕಿ ಬರಿಗೈಯಲ್ಲೇ ಸಂಜೆ ಬಸ್ಸು ಹತ್ತಿದರು. ಈ ಸೀಸನ್ನಿನ ಲಗ್ನಪತ್ರಿಕೆಗಳನ್ನು ಹಳೇ ಮಷೀನಿನಲ್ಲೇ, ಒಂದು ಕಡತ ಮುಚ್ಚಿ ಇನ್ನೊಂದು ತೆಗೆದು, ರಾತ್ರಿ ಕೂತು ಮುಗಿಸುತ್ತಾರೆ. ಪತ್ರಿಕೆ ಒಂದು ದಿನ ತಡವಾದರೆ ಬೈಸಿಕೊಳ್ಳುವವರೂ ಅವರೇ. ಅವರ ಕೈಗೆ ಸಿಗಬೇಕಾದ ಬಿಲ್ಲೆ ಪ್ರಪಂಚದ ಯಾವುದೋ ಮೂಲೆಯ ದೊಡ್ಡ ಡಬ್ಬದಲ್ಲಿ ಕೂತಿದೆ. ಅದನ್ನು ತರಿಸುವುದು ಜಿಲ್ಲಾಡಳಿತದ ಕೈಯಲ್ಲಿಲ್ಲ, ನಿಜ. ಆದರೆ ತನ್ನದೇ ಕಚೇರಿಗಳ ಗುಜರಿ ಕೋಣೆಯಲ್ಲಿ ಧೂಳು ತಿನ್ನುತ್ತಿರುವ ಪಟ್ಟಿಗಳನ್ನು ಬಿಚ್ಚಿ ಶಾಲೆಯ ಮಕ್ಕಳ ಮಷೀನಿಗೆ ಹಾಕಿಸುವುದು ಕೈಯಲ್ಲೇ ಇದೆ.

ಸಂಬಂಧಪಟ್ಟವರು ಬೀಗದ ಕೈ ಹುಡುಕುವರೇ?